ಕೀಕ್ಯಾಡ್‌ನಲ್ಲಿ ನಿಮ್ಮ ಮೊದಲ ಸರ್ಕ್ಯೂಟ್ ಬೋರ್ಡ್: ಟ್ಯಾಂಕ್ ತುಂಬಿದರೆ ಕೂಗುವ ಬಜರ್

ಮಂಗಳೂರು, ಉಡುಪಿ ಕಡೆ ಬಾವಿ, ಪಂಪ್, ಟೆರೇಸ್ ಮೇಲೊಂದು ಟ್ಯಾಂಕ್ ಇರುವ ಮನೆಗಳೇ ಜಾಸ್ತಿ. ಪಂಪ್ ಹಾಕಿ ಮರೆಯುವವರೂ ಜಾಸ್ತಿ. ನೀರು ಟ್ಯಾಂಕ್ ತುಂಬಿ ಅಂಗಳಕ್ಕೆ ಸುರಿಯುವ ಸದ್ದು ಕೇಳಿದ ಮೇಲೆಯೇ ಯಾರಾದರೂ ಸ್ವಿಚ್ ಕಡೆ ಓಡುವುದು. ಪಿಸಿಬಿ (ಅಂದರೆ ಸರ್ಕ್ಯೂಟ್ ಬೋರ್ಡ್) ಡಿಸೈನ್ ಕಲಿಯಬೇಕು ಎಂದು ಕೇಳುವವರಿಗೆ ನಾನು ಇದನ್ನೇ ಮೊದಲ ಬೋರ್ಡ್ ಆಗಿ ಕೊಡುತ್ತೇನೆ: ಟ್ಯಾಂಕ್ ತುಂಬಿದ ಕೂಡಲೇ ಕೂಗುವ ಒಂದು ಬಜರ್. ಪಾರ್ಟ್‌ಗಳು ಹದಿನೈದಕ್ಕಿಂತ ಕಡಿಮೆ. ಕೆಲಸ ಮಾಡಿತೋ ಇಲ್ಲವೋ ಎಂದು ಮನೆಯವರೆಲ್ಲ ಹೇಳಬಹುದು.

ಒಂದು ಮಾತು ಈಗಲೇ ಗಟ್ಟಿ ಮಾಡಿಕೊಳ್ಳಿ. ಈ ಬೋರ್ಡ್ ಪಂಪನ್ನು ಆಫ್ ಮಾಡುವುದಿಲ್ಲ, ಕೂಗುತ್ತದೆ ಅಷ್ಟೇ. 230 ವೋಲ್ಟ್ ಇದರ ಹತ್ತಿರ ಬರುವುದೇ ಬೇಡ. 12 ವೋಲ್ಟ್ ಅಡಾಪ್ಟರ್ ಸಾಕು. ಮೊದಲ ಬೋರ್ಡಿನಲ್ಲೇ ರಿಲೇ ಹಾಕಿ ಮೋಟರ್ ಓಡಿಸುತ್ತೇನೆ ಎಂದು ಹೊರಟವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಮೈನ್ಸ್ ಇರುವ ಬೋರ್ಡಿನಲ್ಲಿ ಟ್ರ್ಯಾಕ್‌ಗಳ (ಬೋರ್ಡ್ ಮೇಲಿನ ತಾಮ್ರದ ದಾರಿಗಳ) ನಡುವಿನ ಅಂತರ, ಫ್ಯೂಸ್, ಪೆಟ್ಟಿಗೆ ಎಲ್ಲಕ್ಕೂ ಬೇರೆಯೇ ಲೆಕ್ಕ ಉಂಟು.

ಇನ್ನೊಂದು ಮಾತು. ಸಾಫ್ಟ್‌ವೇರ್ ಬಟನ್‌ಗಳು ಒಂದು ವಾರಾಂತ್ಯದಲ್ಲಿ ಕೈಗೆ ಹತ್ತುತ್ತವೆ. ಜನ ಸೋಲುವುದು ಬೇರೆ ಎರಡು ಕಡೆ. ಅಂಗಡಿಯಿಂದ ತಂದ ಪಾರ್ಟ್ ಬೋರ್ಡಿನ ತೂತಿಗೆ ಕೂರುವುದಿಲ್ಲ. ಇಲ್ಲವೇ ಪಾರ್ಟ್‌ಗಳನ್ನು ಎಲ್ಲೆಲ್ಲೋ ಇಟ್ಟು, ಆಮೇಲೆ ಟ್ರ್ಯಾಕ್ ಎಳೆಯಲು ದಾರಿ ಸಿಗದೆ ಒದ್ದಾಡುತ್ತಾರೆ. ಹಾಗಾಗಿ ಈ ಬರಹದಲ್ಲಿ ಆ ಎರಡಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಒಂದು ಹಾಳಾದ ಬೋರ್ಡ್ ತನ್ನಿ

ಟಿವಿ, ಇನ್ವರ್ಟರ್ ರಿಪೇರಿ ಮಾಡುವವರ ಹತ್ತಿರ ಹೋಗಿ ಬಿಸಾಡುವ ಬೋರ್ಡ್ ಒಂದಿದ್ದರೆ ಕೇಳಿ. ಸಾಮಾನ್ಯವಾಗಿ ಸುಮ್ನೆ ಕೊಟ್ಟುಬಿಡುತ್ತಾರೆ. ಹಳೆಯ ಸಿಎಫ್‌ಎಲ್ ಅಥವಾ ಚಾರ್ಜರ್ ಬಿಚ್ಚಿದರೂ ಆಯಿತು. ಆದರೆ ಈಗಷ್ಟೇ ಪ್ಲಗ್ ಕಿತ್ತದ್ದನ್ನು ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ ಚಾರ್ಜ್ ಹಿಡಿದುಕೊಂಡಿರುತ್ತದೆ.

ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿ. ಕರೆಂಟ್ ಜಾಸ್ತಿ ಹರಿಯುವ ಕಡೆ ತಾಮ್ರದ ದಾರಿ ಅಗಲ. ಸಿಗ್ನಲ್ ಹೋಗುವ ಕಡೆ ಸಪೂರ. ಮೈನ್ಸ್ ಬದಿಗೂ ಕಡಿಮೆ ವೋಲ್ಟೇಜ್ ಬದಿಗೂ ನಡುವೆ ಖಾಲಿ ಪಟ್ಟಿ. ಕೆಲವು ಬೋರ್ಡುಗಳಲ್ಲಿ ಅಲ್ಲಿ ಉದ್ದದ ಸೀಳನ್ನೇ ಕೊರೆದಿರುತ್ತಾರೆ. ಐಸಿಯ ಪಕ್ಕದಲ್ಲೇ ಒಂದು ಪುಟ್ಟ ಕೆಪಾಸಿಟರ್ ಅಂಟಿಕೊಂಡು ಕೂತಿರುತ್ತದೆ. ತಂತಿ ಸಿಕ್ಕಿಸುವ ಕನೆಕ್ಟರ್‌ಗಳು ಯಾವಾಗಲೂ ಅಂಚಿನಲ್ಲಿ. ಇವನ್ನೆಲ್ಲ ಒಮ್ಮೆ ಕಣ್ಣಾರೆ ನೋಡಿದರೆ, ಪರದೆ ಮೇಲೆ ನೀವು ಮಾಡುವ ಕೆಲಸಕ್ಕೆ ಅರ್ಥ ಬರುತ್ತದೆ.

ಯಾವ ಸಾಫ್ಟ್‌ವೇರ್?

ಕೀಕ್ಯಾಡ್. ಇದಕ್ಕೆ ದುಡ್ಡಿಲ್ಲ, ಬೋರ್ಡಿನ ಅಳತೆಗೆ ಮಿತಿಯೂ ಇಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪಾಠ ಮಾಡುತ್ತಿದ್ದ ಜಾನ್-ಪಿಯರ್ ಶರಾ 1992ರಲ್ಲಿ ಇದನ್ನು ಶುರು ಮಾಡಿದರು. ಜಿನೀವಾದ ಸರ್ನ್ ಪ್ರಯೋಗಾಲಯ 2013ರಿಂದ ಕೈಜೋಡಿಸಿತು. ಇದು ಚುರುಕಾಗಿ ಬೆಳೆದದ್ದು ಆಮೇಲೆ.

ಬೇರೆಯವೂ ಇವೆ. ಆಲ್ಟಿಯಂ ದೊಡ್ಡ ಕಂಪನಿಗಳದ್ದು, ಬೆಲೆಯೂ ಹಾಗೆಯೇ. ಈಸಿಇಡಿಎ ಬ್ರೌಸರಿನಲ್ಲೇ ಓಡುತ್ತದೆ, ಶುರು ಮಾಡಲು ಸಲೀಸು. ಈಗಲ್ ಒಂದು ಕಾಲಕ್ಕೆ ಹವ್ಯಾಸಿಗಳ ಅಚ್ಚುಮೆಚ್ಚು. ಅದನ್ನು 2026ರ ಜೂನ್‌ನಲ್ಲಿ ನಿಲ್ಲಿಸುವುದಾಗಿ ಆಟೊಡೆಸ್ಕ್ 2023ರಲ್ಲೇ ಹೇಳಿತ್ತು, ಹಾಗಾಗಿ ಈಗ ಅದನ್ನು ಕಲಿಯುವುದರಲ್ಲಿ ಅರ್ಥವಿಲ್ಲ. ಸುರತ್ಕಲ್, ಮಣಿಪಾಲ, ನಿಟ್ಟೆಯ ಕಡೆ ಇಂಜಿನಿಯರಿಂಗ್ ಓದುವವರಿಗೆ ಲ್ಯಾಬಿನಲ್ಲಿ ಬೇರೆ ಯಾವುದೋ ಸಾಫ್ಟ್‌ವೇರ್ ಸಿಗಬಹುದು. ಚಿಂತೆಯಿಲ್ಲ. ಹೆಸರು, ಬಟನ್ ಬೇರೆ, ಕೆಲಸದ ಕ್ರಮ ಒಂದೇ. ಐಐಟಿ ಬಾಂಬೆಯ ಫಾಸಿ (FOSSEE) ಯೋಜನೆಯ ಇ-ಸಿಮ್ ಎಂಬ ಸರ್ಕ್ಯೂಟ್ ಸಾಫ್ಟ್‌ವೇರ್‌ನಲ್ಲೂ ಸರ್ಕ್ಯೂಟ್ ಬಿಡಿಸುವುದು ಕೀಕ್ಯಾಡ್‌ನಲ್ಲೇ.

ಡೌನ್‌ಲೋಡ್ ಒಂದು ಜಿಬಿಗಿಂತ ಜಾಸ್ತಿ. ಮೊಬೈಲ್ ಡೇಟಾ ನಂಬಿಕೊಂಡಿದ್ದರೆ ರಾತ್ರಿ ಹಾಕಿಡಿ. ಇನ್‌ಸ್ಟಾಲ್ ಮಾಡುವಾಗ ಸಿಂಬಲ್, ಫುಟ್‌ಪ್ರಿಂಟ್, 3ಡಿ ಮಾಡೆಲ್ ಮೂರಕ್ಕೂ ಟಿಕ್ ಇರಲಿ. ಮೂರು ಬಟನ್ ಮೌಸ್ ಬೇಕೇಬೇಕು. ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಈ ಕೆಲಸ ಮಾಡುವವರ ತಾಳ್ಮೆಗೆ ನನ್ನ ನಮಸ್ಕಾರ.

ಬಿಡಿಸುವ ಮೊದಲೇ ಸಾಮಾನು

ಎಲ್ಲರೂ ಮೊದಲು ಬೋರ್ಡ್ ಬಿಡಿಸಿ, ಆಮೇಲೆ ಅಂಗಡಿಗೆ ಹೋಗುತ್ತಾರೆ. ನೀವು ತಿರುಗಿಸಿ ಮಾಡಿ. ಹಂಪನಕಟ್ಟೆ ಕಡೆಯಲ್ಲೋ ಉಡುಪಿ ಪೇಟೆಯಲ್ಲೋ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವವರ ಹತ್ತಿರ ಈ ಚೀಟಿ ಹಿಡಿದು ಹೋಗಿ. ಸಿಗದೇ ಇದ್ದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಥವಾ ಆನ್‌ಲೈನಿನಲ್ಲಿ ಸಿಗುತ್ತದೆ.

- ಎನ್‌ಇ555 ಐಸಿ, ಎಂಟು ಕಾಲಿನದ್ದು, ಜೊತೆಗೆ ಅದರ ಸಾಕೆಟ್
- ರೆಸಿಸ್ಟರ್ (ಕಾಲು ವ್ಯಾಟ್): 1 ಕಿಲೋ ಓಮ್, 10 ಕಿಲೋ ಓಮ್, 68 ಕಿಲೋ ಓಮ್
- ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ (25 ವೋಲ್ಟ್): 10 ಮೈಕ್ರೊಫ್ಯಾರಡ್, 100 ಮೈಕ್ರೊಫ್ಯಾರಡ್
- ಸೆರಾಮಿಕ್ ಕೆಪಾಸಿಟರ್: 10 ನ್ಯಾನೊಫ್ಯಾರಡ್, 100 ನ್ಯಾನೊಫ್ಯಾರಡ್ (ಅಂಗಡಿಯಲ್ಲಿ 103, 104 ಎಂದರೆ ಬೇಗ ತಿಳಿಯುತ್ತದೆ)
- 1ಎನ್4007 ಡಯೋಡ್, 5 ಮಿ.ಮೀ. ಕೆಂಪು ಎಲ್‌ಇಡಿ
- 12 ವೋಲ್ಟ್ ಬಜರ್, ಕರೆಂಟ್ ಕೊಟ್ಟರೆ ತಾನೇ ಕೂಗುವಂಥದ್ದು
- ಎರಡು ಕಾಲಿನ ಸ್ಕ್ರೂ ಟರ್ಮಿನಲ್ ಎರಡು
- ಟ್ಯಾಂಕಿಗೆ ಹಾಕುವ ಸಣ್ಣ ಫ್ಲೋಟ್ ಸ್ವಿಚ್ (ನೀರು ಏರಿ ತೇಲುವ ಉಂಡೆ ಮೇಲೆ ಬಂದಾಗ ಆನ್ ಆಗುವಂಥದ್ದು)

ಎಲ್ಲದರಲ್ಲೂ ಒಂದೆರಡು ಜಾಸ್ತಿ ತನ್ನಿ. ಆಮೇಲೆ ಮನೆಯಲ್ಲಿ ಕೂತು ಅಳೆಯಿರಿ. ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸ್ಟೀಲ್ ಸ್ಕೇಲ್. ಬಜರಿನ ಎರಡು ಕಾಲಿನ ನಡುವೆ ಎಷ್ಟು? ಒಂದು ಕಂಪನಿಯದ್ದು 7.6 ಮಿ.ಮೀ., ನೋಡಲು ಅದರ ಹಾಗೆಯೇ ಇರುವ ಇನ್ನೊಂದು 6.5 ಮಿ.ಮೀ. 100 ಮೈಕ್ರೊಫ್ಯಾರಡ್ ಕೆಪಾಸಿಟರಿನ ದಪ್ಪ 6.3 ಮಿ.ಮೀ.ಯೋ, 8 ಮಿ.ಮೀ.ಯೋ? ಸ್ಕ್ರೂ ಟರ್ಮಿನಲ್ 5.00 ಮಿ.ಮೀ.ಯದ್ದೋ 5.08 ಮಿ.ಮೀ.ಯದ್ದೋ? ಎರಡು ಕಾಲಿನದ್ದರಲ್ಲಿ ಆ ವ್ಯತ್ಯಾಸ ನಡೆಯುತ್ತದೆ. ಹನ್ನೆರಡು ಕಾಲಿನದ್ದಾದರೆ ಕೊನೆಯ ಕಾಲು ತೂತಿನ ಹೊರಗೆ ನಿಲ್ಲುತ್ತದೆ. ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಕಾಲಿನ ದಪ್ಪವನ್ನೂ ಬರೆಯಿರಿ.

ಅಡಾಪ್ಟರನ್ನೂ ಮಲ್ಟಿಮೀಟರಿನಲ್ಲಿ ನೋಡಿ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಭಾರದ ಅಡಾಪ್ಟರ್‌ಗಳು ಲೋಡ್ ಇಲ್ಲದಾಗ 12ಕ್ಕೆ ಬದಲು 16, 17 ವೋಲ್ಟ್ ತೋರಿಸುವುದುಂಟು. ಎನ್‌ಇ555ರ ಗರಿಷ್ಠ ಮಿತಿ 16. ನಿಮ್ಮದು 15 ದಾಟಿದರೆ ಬೇರೆ ಅಡಾಪ್ಟರ್ ಹುಡುಕಿ.

ಹಂತ 1: ಸ್ಕೀಮ್ಯಾಟಿಕ್

ಸ್ಕೀಮ್ಯಾಟಿಕ್ ಅಂದರೆ ಯಾವ ಪಾರ್ಟ್ ಯಾವುದಕ್ಕೆ ಸೇರುತ್ತದೆ ಎಂದು ತೋರಿಸುವ ನಕ್ಷೆ. ಕೀಕ್ಯಾಡ್ ತೆರೆದು ಹೊಸ ಪ್ರಾಜೆಕ್ಟ್ ಮಾಡಿ, ಸ್ಕೀಮ್ಯಾಟಿಕ್ ಎಡಿಟರ್‌ಗೆ ಹೋಗಿ. ಎ ಒತ್ತಿದರೆ ಸಿಂಬಲ್ ಹುಡುಕುವ ಕಿಟಕಿ ಬರುತ್ತದೆ. ಪಿ ಒತ್ತಿದರೆ ಪವರ್ ಸಿಂಬಲ್. ಡಬ್ಲ್ಯೂ ಒತ್ತಿದರೆ ವೈರ್. ಆರ್ ತಿರುಗಿಸುತ್ತದೆ, ವಿ ಬೆಲೆ ಬದಲಿಸುತ್ತದೆ. ಸರಿಸಲು ಎರಡು ಕೀ ಉಂಟು: ಎಂ ಒತ್ತಿದರೆ ಪಾರ್ಟ್ ಮಾತ್ರ ಬರುತ್ತದೆ, ಜಿ ಒತ್ತಿದರೆ ವೈರ್ ಕೂಡ ಹಿಂದೆಯೇ ಬರುತ್ತದೆ. ಇಷ್ಟು ಗೊತ್ತಿದ್ದರೆ ಮುಕ್ಕಾಲು ಕೆಲಸ ನಡೆಯುತ್ತದೆ.

ಸರ್ಕ್ಯೂಟ್ ಹೀಗೆ. ಅಡಾಪ್ಟರಿನ ಪ್ಲಸ್, ಮೈನಸ್ ಎರಡೂ ಮೊದಲ ಟರ್ಮಿನಲ್‌ಗೆ ಬರುತ್ತವೆ. ಮೈನಸ್ಸೇ ನಮ್ಮ ಗ್ರೌಂಡ್. ಪ್ಲಸ್ ಅಲ್ಲಿಂದ ಎರಡನೇ ಟರ್ಮಿನಲ್‌ನ ಒಂದನೇ ಕಾಲಿಗೆ. ಅದಕ್ಕೆ ಫ್ಲೋಟ್ ಸ್ವಿಚ್ ಕಟ್ಟುತ್ತೇವೆ. ಸ್ವಿಚ್ ದಾಟಿ ಬಂದ ಕರೆಂಟ್ ಎರಡನೇ ಕಾಲಿನಿಂದ ಡಯೋಡಿಗೆ. ಡಯೋಡ್ ದಾಟಿದ ಮೇಲಿನ ಜಾಗಕ್ಕೆ ವಿಸಿಸಿ ಎಂಬ ಪವರ್ ಸಿಂಬಲ್ ಹಾಕಿ. ಡಯೋಡಿನ ಆಚೆ ಈಚೆ ಎರಡೂ ಕಡೆ ಒಂದೇ ಹೆಸರಿನ ಪವರ್ ಸಿಂಬಲ್ ಹಾಕಬೇಡಿ. ಒಂದೇ ಹೆಸರು ಇದ್ದರೆ ಎರಡೂ ಒಂದೇ ತಂತಿ ಎಂದು ಸಾಫ್ಟ್‌ವೇರ್ ತಿಳಿಯುತ್ತದೆ, ಡಯೋಡ್ ಇದ್ದೂ ಇಲ್ಲದ ಹಾಗೆ. ತಂತಿ ತಿರುಗಾಮುರುಗಾ ಕಟ್ಟಿದರೂ ಐಸಿ ಸುಡದಿರಲಿ ಎಂದೇ ಆ ಡಯೋಡ್ ಇರುವುದು.

ಈಗ 555. ಹ್ಯಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ರೂಪಿಸಿದ ಈ ಐಸಿ ಇವತ್ತಿಗೂ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. 8ನೇ ಕಾಲು, 4ನೇ ಕಾಲು ವಿಸಿಸಿಗೆ. 1ನೇ ಕಾಲು ಗ್ರೌಂಡಿಗೆ. ವಿಸಿಸಿಯಿಂದ 7ನೇ ಕಾಲಿಗೆ 10 ಕಿಲೋ ಓಮ್. 7ರಿಂದ 6ಕ್ಕೆ 68 ಕಿಲೋ ಓಮ್. 6 ಮತ್ತು 2 ಒಂದಕ್ಕೊಂದು ಜೋಡಿಸಿ, ಅಲ್ಲಿಂದ ಗ್ರೌಂಡಿಗೆ 10 ಮೈಕ್ರೊಫ್ಯಾರಡ್. 5ನೇ ಕಾಲಿನಿಂದ ಗ್ರೌಂಡಿಗೆ 10 ನ್ಯಾನೊಫ್ಯಾರಡ್. 3ನೇ ಕಾಲು ಔಟ್‌ಪುಟ್. ಅಲ್ಲಿಂದ ಬಜರಿನ ಪ್ಲಸ್‌ಗೆ, ಮತ್ತೆ 1 ಕಿಲೋ ಓಮ್ ದಾಟಿ ಎಲ್‌ಇಡಿಗೆ. ಬಜರ್, ಎಲ್‌ಇಡಿ ಎರಡರ ಇನ್ನೊಂದು ತುದಿ ಗ್ರೌಂಡಿಗೆ. ಕೊನೆಗೆ ವಿಸಿಸಿ ಮತ್ತು ಗ್ರೌಂಡ್ ನಡುವೆ 100 ಮೈಕ್ರೊಫ್ಯಾರಡ್, 100 ನ್ಯಾನೊಫ್ಯಾರಡ್.

ಎಷ್ಟು ಬೇಗ ಕೂಗುತ್ತದೆ ಎಂಬ ಲೆಕ್ಕವನ್ನೂ ಮಾಡಿಬಿಡೋಣ. ಮೊದಲ ರೆಸಿಸ್ಟರ್‌ಗೆ ಎರಡನೆಯದರ ದುಪ್ಪಟ್ಟು ಸೇರಿಸಿ, ಕೆಪಾಸಿಟರಿನಿಂದ ಗುಣಿಸಿ, 1.44ನ್ನು ಅದರಿಂದ ಭಾಗಿಸಬೇಕು. 10 ಸಾವಿರ, ಜೊತೆಗೆ 136 ಸಾವಿರ, ಒಟ್ಟು 146 ಸಾವಿರ ಓಮ್. 10 ಮೈಕ್ರೊಫ್ಯಾರಡ್‌ನಿಂದ ಗುಣಿಸಿದರೆ 1.46. ಉತ್ತರ ಸುಮಾರು 0.99 ಹರ್ಟ್ಸ್. ಅಂದರೆ ಅರ್ಧ ಸೆಕೆಂಡು ಕೂಗು, ಹೆಚ್ಚುಕಡಿಮೆ ಅರ್ಧ ಸೆಕೆಂಡು ಸುಮ್ಮನೆ. ಶುರುವಿನ ಕೂಗು ಮಾತ್ರ ಸ್ವಲ್ಪ ಉದ್ದ ಇರುತ್ತದೆ, ಯಾಕೆಂದರೆ ಆಗ ಕೆಪಾಸಿಟರ್ ಪೂರ್ತಿ ಖಾಲಿಯಿಂದ ತುಂಬಬೇಕು. ಅದನ್ನು ಕೇಳಿ ಬೋರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಇನ್‌ಸ್ಪೆಕ್ಟ್ ಮೆನುವಿನಲ್ಲಿ ಎಲೆಕ್ಟ್ರಿಕಲ್ ರೂಲ್ಸ್ ಚೆಕರ್ ಓಡಿಸಿ. ಪವರ್ ಇನ್‌ಪುಟ್ ಕಾಲಿಗೆ ಯಾರೂ ಕರೆಂಟ್ ಕೊಡುತ್ತಿಲ್ಲ ಎಂಬ ಎರರ್ ಬಂದೇ ಬರುತ್ತದೆ. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಸರ್ಕ್ಯೂಟ್ ತಪ್ಪಿಲ್ಲ. ಕರೆಂಟ್ ಟರ್ಮಿನಲ್‌ನಿಂದ ಬರುತ್ತದೆ ಎಂಬುದು ಸಾಫ್ಟ್‌ವೇರ್‌ಗೆ ಗೊತ್ತಿಲ್ಲ, ಅಷ್ಟೇ. ಪವರ್ ಫ್ಲ್ಯಾಗ್ ಎಂಬ ಸಿಂಬಲ್ ತಂದು ವಿಸಿಸಿಗೆ ಒಂದು, ಗ್ರೌಂಡಿಗೆ ಒಂದು ಸೇರಿಸಿದರೆ ಹೋಗುತ್ತದೆ. ಬೇರೆ ಎರರ್ ಉಳಿದರೆ ಮಾತ್ರ ತಲೆ ಕೆಡಿಸಿಕೊಳ್ಳಿ. ಸಾಮಾನ್ಯವಾಗಿ ವೈರಿನ ತುದಿ ಕಾಲಿಗೆ ಮುಟ್ಟಿರುವುದಿಲ್ಲ.

ನಡುನಡುವೆ ಸೇವ್ ಮಾಡುತ್ತಿರಿ. ಮಳೆಗಾಲದಲ್ಲಿ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ ಅಲ್ವಾ? ಪ್ರಾಜೆಕ್ಟ್ ಫೋಲ್ಡರಿನ ಒಳಗೆ ಬ್ಯಾಕಪ್ಸ್ ಎಂಬ ಇನ್ನೊಂದು ಫೋಲ್ಡರ್ ತಾನಾಗಿ ಆಗುತ್ತದೆ. ಏನಾದರೂ ಹಾಳಾದರೆ ಹಳೆಯದು ಅಲ್ಲಿ ಸಿಗುತ್ತದೆ.

ಹಂತ 2: ಫುಟ್‌ಪ್ರಿಂಟ್

ಸ್ಕೀಮ್ಯಾಟಿಕ್‌ನಲ್ಲಿ ಕೆಪಾಸಿಟರ್ ಬರೀ ಎರಡು ಗೆರೆ. ಬೋರ್ಡ್ ಮೇಲೆ ಅದಕ್ಕೆ ತೂತು ಎಲ್ಲಿ, ಪ್ಯಾಡ್ (ಕಾಲನ್ನು ಬೆಸೆಯುವ ತಾಮ್ರದ ಬಿಲ್ಲೆ) ಎಷ್ಟು ದೊಡ್ಡದು, ಮೈ ಎಷ್ಟು ಜಾಗ ಹಿಡಿಯುತ್ತದೆ ಎಂದು ಹೇಳುವುದೇ ಫುಟ್‌ಪ್ರಿಂಟ್. ಟೂಲ್ಸ್ ಮೆನುವಿನಲ್ಲಿ ಅಸೈನ್ ಫುಟ್‌ಪ್ರಿಂಟ್ಸ್ ತೆರೆಯಿರಿ. ಎಡಗಡೆ ಲೈಬ್ರರಿ, ನಡುವೆ ನಿಮ್ಮ ಪಾರ್ಟ್‌ಗಳು, ಬಲಗಡೆ ಸಿಗುವ ಫುಟ್‌ಪ್ರಿಂಟ್‌ಗಳು.

ಈಗ ನಿಮ್ಮ ಅಳತೆಯ ಹಾಳೆ ತೆಗೆಯಿರಿ. ಫುಟ್‌ಪ್ರಿಂಟಿನ ಉದ್ದುದ್ದ ಹೆಸರುಗಳಲ್ಲೇ ಅಳತೆ ಇರುತ್ತದೆ. ಡಿ ಅಂದರೆ ವ್ಯಾಸ, ಪಿ ಅಂದರೆ ಕಾಲುಗಳ ನಡುವಿನ ಅಂತರ, ಡಬ್ಲ್ಯೂ ಅಂದರೆ ಅಗಲ. 555ಕ್ಕೆ ಡಿಐಪಿ-8, ಅಗಲ 7.62. ಕಾಲು ವ್ಯಾಟ್ ರೆಸಿಸ್ಟರ್‌ಗೆ ಆಕ್ಸಿಯಲ್, ಡಿಐಎನ್0207, ಅಂತರ 10.16. ಡಯೋಡಿಗೆ ಡಿಒ-41, ಅಂತರ 10.16. ಕೆಪಾಸಿಟರ್, ಬಜರ್, ಟರ್ಮಿನಲ್ ಮೂರಕ್ಕೆ ನೀವು ಅಳೆದದ್ದೇ ಪ್ರಮಾಣ. ಬೇರೆಯವರ ವಿಡಿಯೋದಲ್ಲಿ ಹಾಕಿದ್ದನ್ನು ಹಾಗೆಯೇ ಹಾಕಬೇಡಿ. ಅವರ ಅಂಗಡಿ ಬೇರೆ, ನಿಮ್ಮ ಅಂಗಡಿ ಬೇರೆ.

ತೂತಿನ ಅಳತೆಯೂ ನೋಡಿ. ಕಾಲಿನ ದಪ್ಪಕ್ಕಿಂತ 0.2 ಅಥವಾ 0.3 ಮಿ.ಮೀ. ದೊಡ್ಡದಿರಬೇಕು. 1ಎನ್4007ರ ಕಾಲು ಸಾಮಾನ್ಯ ರೆಸಿಸ್ಟರಿಗಿಂತ ದಪ್ಪ. ಅದಕ್ಕೆ 0.8 ಮಿ.ಮೀ. ತೂತು ಸಾಲದು, 1 ಮಿ.ಮೀ. ಬೇಕು. ಟರ್ಮಿನಲ್‌ಗೆ 1.3 ಮಿ.ಮೀ. ಆಸುಪಾಸು.

ಹಂತ 3: ಪಾರ್ಟ್ ಕೂರಿಸುವುದು

ಪಿಸಿಬಿ ಎಡಿಟರ್ ತೆರೆದು ಎಫ್8 ಒತ್ತಿ. ಎಲ್ಲ ಪಾರ್ಟ್‌ಗಳೂ ಒಂದು ಗುಂಪಾಗಿ ಬಂದು ಬೀಳುತ್ತವೆ. ಯಾವುದು ಯಾವುದಕ್ಕೆ ಸೇರಬೇಕು ಎಂದು ತೋರಿಸುವ ಸಪೂರ ಗೆರೆಗಳೂ ಇರುತ್ತವೆ. ನೋಡಿದರೆ ಬಲೆಗೆ ಬಿದ್ದ ಬೂತಾಯಿಯ ಹಾಗೆ ಒಂದರ ಮೇಲೊಂದು. ಹೆದರಬೇಡಿ, ಬಿಡಿಸುತ್ತಾ ಹೋದರೆ ಆಯಿತು.

ಮೊದಲು ಎಜ್ ಕಟ್ಸ್ ಎಂಬ ಲೇಯರ್ ಆರಿಸಿ 60 ಮಿ.ಮೀ. ಉದ್ದ, 40 ಮಿ.ಮೀ. ಅಗಲದ ಚೌಕಟ್ಟು ಎಳೆಯಿರಿ. ನಿಮ್ಮ ಹತ್ತಿರ ಈಗಾಗಲೇ ಪ್ಲಾಸ್ಟಿಕ್ ಪೆಟ್ಟಿಗೆ ಇದ್ದರೆ ಅದರ ಒಳಗಿನ ಅಳತೆ ಹಿಡಿಯಿರಿ. ಬೋರ್ಡ್ ಆದಮೇಲೆ ಪೆಟ್ಟಿಗೆ ಹುಡುಕುವುದು ಚಪ್ಪಲಿ ಅಂಗಡಿಗೆ ಕಾಲು ಬಿಟ್ಟು ಹೋದ ಹಾಗೆ ಎಂದು ಹೇಳಿದರೆ ನಗುತ್ತೀರಿ, ಆದರೆ ಎಷ್ಟೋ ಜನ ಅದನ್ನೇ ಮಾಡುತ್ತಾರೆ. ನಾಲ್ಕು ಮೂಲೆಗೆ 3.2 ಮಿ.ಮೀ. ತೂತು ಇಡಿ, 3 ಮಿ.ಮೀ. ಸ್ಕ್ರೂಗೆ ಸರಿಯಾಗುತ್ತದೆ. ಸ್ಕ್ರೂ ತಲೆಗೂ ಜಾಗ ಬೇಕು, ಹಾಗಾಗಿ ತೂತಿನ ಸುತ್ತ ಏನನ್ನೂ ಇಡಬೇಡಿ.

ಗ್ರಿಡ್ 1.27 ಮಿ.ಮೀ.ಗೆ ಹಾಕಿ. ಕಾಲು ಇರುವ ಪಾರ್ಟ್‌ಗಳಲ್ಲಿ ಬಹುಪಾಲು 2.54 ಮಿ.ಮೀ. ಲೆಕ್ಕದಲ್ಲೇ ಇರುವುದರಿಂದ ಅದರ ಅರ್ಧದ ಗ್ರಿಡ್‌ನಲ್ಲಿ ಇಟ್ಟರೆ ಸಾಲು ನೇರ ಬರುತ್ತದೆ.

ಕೂರಿಸುವ ಕ್ರಮ ಹೀಗಿರಲಿ. ಹೊರಗಿನ ಲೋಕಕ್ಕೆ ಸಂಬಂಧ ಇರುವುದು ಮೊದಲು: ಎರಡು ಟರ್ಮಿನಲ್ ಎಡ ಅಂಚಿಗೆ, ತಂತಿ ತೂರುವ ಬಾಯಿ ಹೊರಗೆ ನೋಡಬೇಕು. ಎಲ್‌ಇಡಿ ಬಲ ಅಂಚಿಗೆ. ಬಜರ್ ಬಲಗಡೆಯೇ, ಅದರ ತೂತಿಗೆ ಪೆಟ್ಟಿಗೆಯ ಮುಚ್ಚಳ ಅಡ್ಡ ಬರಬಾರದು. ಆಮೇಲೆ 555 ನಡುವೆ. ಅದಾದ ಮೇಲೆ 100 ನ್ಯಾನೊಫ್ಯಾರಡ್ ಕೆಪಾಸಿಟರನ್ನು 555ರ 8ನೇ ಕಾಲಿಗೆ ಆದಷ್ಟು ಹತ್ತಿರ ಇಡಿ. ಔಟ್‌ಪುಟ್ ಬದಲಾಗುವ ಕ್ಷಣದಲ್ಲಿ 555 ಸರ್ರನೆ ಕರೆಂಟ್ ಎಳೆಯುತ್ತದೆ. ಪಕ್ಕದಲ್ಲೇ ಕೆಪಾಸಿಟರ್ ಇದ್ದರೆ ಅದು ಅಲ್ಲಿಂದಲೇ ಸಿಗುತ್ತದೆ. ಬೋರ್ಡಿನ ಇನ್ನೊಂದು ಮೂಲೆಯಲ್ಲಿಟ್ಟರೆ ಸ್ಕೀಮ್ಯಾಟಿಕ್ ಪ್ರಕಾರ ಎಲ್ಲ ಸರಿ, ಕೆಲಸಕ್ಕೆ ಮಾತ್ರ ಅಷ್ಟಕ್ಕಷ್ಟೆ. 5ನೇ ಕಾಲಿನ ಕೆಪಾಸಿಟರ್, ಸಮಯದ ರೆಸಿಸ್ಟರ್‌ಗಳು, 10 ಮೈಕ್ರೊಫ್ಯಾರಡ್ ಇವೂ 555ರ ಸುತ್ತಲೇ. ಡಯೋಡ್ ಮತ್ತು 100 ಮೈಕ್ರೊಫ್ಯಾರಡ್, ಟರ್ಮಿನಲ್‌ಗೂ 555ಕ್ಕೂ ನಡುವಿನ ದಾರಿಯಲ್ಲಿ.

ಒಂದೊಂದು ಪಾರ್ಟನ್ನೂ ಆರ್ ಒತ್ತಿ ತಿರುಗಿಸಿ ನೋಡಿ. ಸಪೂರ ಗೆರೆಗಳು ಒಂದನ್ನೊಂದು ದಾಟುವುದು ಎಷ್ಟು ಕಡಿಮೆಯಾಗುತ್ತದೋ ಅಷ್ಟು ಟ್ರ್ಯಾಕ್ ಎಳೆಯುವುದು ಸುಲಭ. ಇಲ್ಲಿ ಎರಡು ತಾಸು ಹೋದರೂ ಹೋಗಲಿ. ಕೂರಿಸುವುದು ಚೆನ್ನಾಗಿ ಆಗಿದ್ದರೆ ಟ್ರ್ಯಾಕ್ ಎಳೆಯುವುದು ಅರ್ಧ ಗಂಟೆಯ ಕೆಲಸ. ಟ್ರ್ಯಾಕ್ ಎಳೆಯುವಾಗ ಸಿಕ್ಕಿಹಾಕಿಕೊಂಡರೆ ಟ್ರ್ಯಾಕಿನ ಜೊತೆ ಗುದ್ದಾಡಬೇಡಿ, ಹಿಂದೆ ಬಂದು ಪಾರ್ಟ್ ಸರಿಸಿ.

ಹಂತ 4: ಟ್ರ್ಯಾಕ್

ಬೋರ್ಡ್ ಸೆಟಪ್‌ನಲ್ಲಿ ನೆಟ್ ಕ್ಲಾಸ್‌ಗೆ ಹೋಗಿ ಟ್ರ್ಯಾಕಿನ ಅಗಲ 0.6 ಮಿ.ಮೀ., ಅಂತರ 0.3 ಮಿ.ಮೀ. ಹಾಕಿ. ಸಾಮಾನ್ಯ ಬೋರ್ಡಿನಲ್ಲಿ ತಾಮ್ರದ ದಪ್ಪ 35 ಮೈಕ್ರಾನ್. ಅದರಲ್ಲಿ 0.3 ಮಿ.ಮೀ. ಅಗಲದ ಟ್ರ್ಯಾಕ್ ಹತ್ತು ಡಿಗ್ರಿಯಷ್ಟು ಮಾತ್ರ ಬಿಸಿಯಾಗಿ ಸುಮಾರು ಒಂದು ಆಂಪಿಯರ್ ಹೊರುತ್ತದೆ. ನಮ್ಮದು ಅದರ ಹತ್ತನೇ ಒಂದು ಭಾಗವೂ ಇಲ್ಲ. ಹಾಗಾದರೆ 0.6 ಯಾಕೆ? ಜಾಗ ಇದೆ, ಮೊದಲ ಸಲ ಬೆಸುಗೆ ಹಾಕುವ ಕೈಗೆ ಅಗಲದ ತಾಮ್ರ ಸುಲಭವಾಗಿ ಕಿತ್ತು ಬರುವುದಿಲ್ಲ, ಅದಕ್ಕೆ.

ಎಕ್ಸ್ ಒತ್ತಿ ಒಂದು ಪ್ಯಾಡಿನಿಂದ ಶುರು ಮಾಡಿ ಇನ್ನೊಂದಕ್ಕೆ ಮುಗಿಸಿ. ಮೊದಲು 555ರ ಸುತ್ತಲಿನ ಪುಟ್ಟ ದಾರಿಗಳು, ಆಮೇಲೆ ವಿಸಿಸಿ, ಆಮೇಲೆ ಬಜರ್ ಮತ್ತು ಎಲ್‌ಇಡಿ. ಗ್ರೌಂಡನ್ನು ಎಳೆಯಲೇಬೇಡಿ. ಹಿಂಬದಿಯ ತಾಮ್ರದ ಲೇಯರ್ ಆರಿಸಿ, ಫಿಲ್ಡ್ ಝೋನ್ ತೆಗೆದುಕೊಂಡು, ಗ್ರೌಂಡ್ ನೆಟ್ ಆರಿಸಿ, ಇಡೀ ಬೋರ್ಡ್ ಸುತ್ತ ಚೌಕಟ್ಟು ಹಾಕಿ ಬಿ ಒತ್ತಿ. ಹಿಂಬದಿ ಪೂರ್ತಿ ತಾಮ್ರ ತುಂಬುತ್ತದೆ, ಗ್ರೌಂಡಿನ ಕಾಲುಗಳೆಲ್ಲ ತಾನಾಗಿ ಸೇರುತ್ತವೆ. ಆ ಕಾಲುಗಳ ಸುತ್ತ ನಾಲ್ಕು ಸಣ್ಣ ಸೇತುವೆ ಬಿಟ್ಟು ಉಳಿದದ್ದು ಖಾಲಿ ಕಾಣುತ್ತದೆ. ಅದನ್ನು ಹಾಗೇ ಬಿಡಿ. ಆ ಖಾಲಿ ಇಲ್ಲದಿದ್ದರೆ ಸೋಲ್ಡರಿಂಗ್ ಐರನ್‌ನ ಬಿಸಿಯೆಲ್ಲ ತಾಮ್ರಕ್ಕೆ ಹರಡಿ ಸೋಲ್ಡರ್ ಕರಗುವುದೇ ಇಲ್ಲ.

ಮೇಲ್ಬದಿಯಲ್ಲಿ ಒಂದು ಟ್ರ್ಯಾಕ್ ಇನ್ನೊಂದನ್ನು ದಾಟಲೇಬೇಕಾದರೆ ಎಳೆಯುತ್ತಿರುವಾಗಲೇ ವಿ ಒತ್ತಿ. ವಯಾ ಎಂಬ ತೂತು ಬಿದ್ದು ಟ್ರ್ಯಾಕ್ ಹಿಂಬದಿಗೆ ಇಳಿಯುತ್ತದೆ. ಈ ಬೋರ್ಡಿನಲ್ಲಿ ಒಂದೂ ವಯಾ ಇಲ್ಲದೆ ಮುಗಿಸಬಹುದು. ಪ್ರಯತ್ನಿಸಿ ನೋಡಿ.

90 ಡಿಗ್ರಿ ತಿರುವು ಮಹಾಪಾಪ ಎಂದು ಹೇಳುವವರು ಸಿಗುತ್ತಾರೆ. ಸೆಕೆಂಡಿಗೆ ಒಮ್ಮೆ ಬದಲಾಗುವ ಸಿಗ್ನಲ್‌ಗೆ ಅದರಿಂದ ಎಂತ ಆಗುವುದೂ ಇಲ್ಲ ಮಾರಾಯ್ರೆ. 45 ಡಿಗ್ರಿ ನೋಡಲು ಚಂದ, ಸಾಫ್ಟ್‌ವೇರ್ ಕೂಡ ಹಾಗೆಯೇ ಎಳೆಯುತ್ತದೆ, ಸಾಕು. ತಾನೇ ಟ್ರ್ಯಾಕ್ ಎಳೆಯುವ ಆಟೊರೌಟರ್ ಕೀಕ್ಯಾಡ್ ಒಳಗೆ ಇಲ್ಲ. ಫ್ರೀರೌಟಿಂಗ್ ಎಂಬುದನ್ನು ಹೊರಗಿನಿಂದ ಸೇರಿಸಬಹುದು. ಕಲಿಯುವಾಗ ಬೇಡ.

ಮೇಲೆ ಬಿಳಿ ಅಕ್ಷರದಲ್ಲಿ ಟರ್ಮಿನಲ್‌ಗಳ ಹೆಸರು, ಪ್ಲಸ್ ಮೈನಸ್ ಬರೆಯಿರಿ. ಇಲ್ಲಿ ಒಂದು ಖುಷಿಯ ವಿಷಯ: 7ನೇ ಆವೃತ್ತಿಯಿಂದ ಕಂಪ್ಯೂಟರಿನಲ್ಲಿರುವ ಫಾಂಟ್‌ಗಳನ್ನೇ ಬಳಸಬಹುದು. ನೋಟೊ ಸಾನ್ಸ್ ಕನ್ನಡ ಹಾಕಿಕೊಂಡು 'ಅಡಾಪ್ಟರ್', 'ಫ್ಲೋಟ್' ಎಂದು ಕನ್ನಡದಲ್ಲೇ ಬರೆಯಿರಿ. ಅಕ್ಷರದ ಎತ್ತರ 3 ಮಿ.ಮೀ.ಗಿಂತ ಕಡಿಮೆ ಮಾಡಿದರೆ ಒತ್ತಕ್ಷರ ಮೆತ್ತಿಕೊಳ್ಳುತ್ತದೆ.

ಹಂತ 5: ಕಾಗದದ ಬೋರ್ಡ್

ಡಿಸೈನ್ ರೂಲ್ಸ್ ಚೆಕರ್ ಓಡಿಸಿ. ಸೇರದೆ ಉಳಿದ ದಾರಿ ಇದ್ದರೆ, ಅಂತರ ಕಡಿಮೆಯಾಗಿದ್ದರೆ ತೋರಿಸುತ್ತದೆ. ಅವೆರಡನ್ನು ಸರಿ ಮಾಡಲೇಬೇಕು. ಬಿಳಿ ಅಕ್ಷರ ಪ್ಯಾಡಿನ ಮೇಲೆ ಬಂದಿದೆ ಎಂಬ ಎಚ್ಚರಿಕೆಗಳನ್ನು ನೋಡಿಕೊಂಡು ಬಿಡಬಹುದು. ಆಲ್ಟ್ ಮತ್ತು 3 ಒತ್ತಿದರೆ ಬೋರ್ಡ್ 3ಡಿಯಲ್ಲಿ ಬರುತ್ತದೆ. ಟರ್ಮಿನಲ್ ಬಾಯಿ ಒಳಗೆ ತಿರುಗಿದ್ದರೆ ಅಲ್ಲಿ ಕೂಡಲೇ ಕಣ್ಣಿಗೆ ಬೀಳುತ್ತದೆ.

ಆದರೆ 3ಡಿ ಚಿತ್ರ ಲೈಬ್ರರಿಯ ಪಾರ್ಟನ್ನು ತೋರಿಸುತ್ತದೆಯೇ ಹೊರತು ನಿಮ್ಮ ಕೈಯಲ್ಲಿರುವುದನ್ನಲ್ಲ. ಹಾಗಾಗಿ ಬೋರ್ಡನ್ನು ಅದೇ ಅಳತೆಯಲ್ಲಿ ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. 'ಆ್ಯಕ್ಚುವಲ್ ಸೈಜ್' ಎಂದು ಒತ್ತಿ ಹೇಳಿ. ಇಲ್ಲದಿದ್ದರೆ ಅವರು ಅಭ್ಯಾಸಬಲದಿಂದ 'ಫಿಟ್ ಟು ಪೇಜ್' ಕೊಟ್ಟುಬಿಡುತ್ತಾರೆ. ಅಲ್ಲೇ ನಿಂತು ಸ್ಕೇಲ್ ಇಟ್ಟು ನೋಡಿ, ಉದ್ದ ಸರಿಯಾಗಿ 60 ಮಿ.ಮೀ. ಇರಬೇಕು. ಮನೆಗೆ ತಂದು ಥರ್ಮಾಕೋಲ್ ಮೇಲೆ ಅಂಟಿಸಿ, ಒಂದೊಂದೇ ಪಾರ್ಟ್ ಚುಚ್ಚಿ. ಬಜರ್ ಕಾಲು ತೂತಿಗೆ ಸರಿ ಬಂತಾ? ಎರಡು ಕೆಪಾಸಿಟರ್ ಮೈಗೆ ಮೈ ತಾಗುತ್ತಿದೆಯಾ? ಟರ್ಮಿನಲ್ ಸ್ಕ್ರೂಗೆ ಸ್ಕ್ರೂಡ್ರೈವರ್ ಹೋಗುತ್ತದಾ? ಎರಡು ರೂಪಾಯಿಯ ಪ್ರಿಂಟ್ ಒಂದು ಬ್ಯಾಚ್ ಬೋರ್ಡನ್ನು ಉಳಿಸುತ್ತದೆ.

ಹಂತ 6: ಬೋರ್ಡ್ ಮಾಡಿಸುವುದು

ಬೋರ್ಡ್ ಮಾಡುವವರಿಗೆ ಕಳಿಸುವುದು ಗರ್ಬರ್ ಫೈಲ್‌ಗಳನ್ನು. ಫೈಲ್ ಮೆನು, ಫ್ಯಾಬ್ರಿಕೇಶನ್ ಔಟ್‌ಪುಟ್ಸ್, ಗರ್ಬರ್ಸ್. ಮುಂದಿನ ಹಿಂದಿನ ತಾಮ್ರ, ಎರಡೂ ಬದಿಯ ಮಾಸ್ಕ್, ಬಿಳಿ ಅಕ್ಷರದ ಲೇಯರ್, ಎಜ್ ಕಟ್ಸ್ ಇವಕ್ಕೆ ಟಿಕ್ ಹಾಕಿ. ಅದೇ ಕಿಟಕಿಯಲ್ಲಿ ಡ್ರಿಲ್ ಫೈಲ್ ಮಾಡುವ ಬಟನ್ ಉಂಟು. ಅದನ್ನು ಮರೆತರೆ ತೂತೇ ಇರದ ಬೋರ್ಡ್. ಎಲ್ಲವನ್ನೂ ಗರ್ಬರ್ ವ್ಯೂವರ್‌ನಲ್ಲಿ ಒಮ್ಮೆ ತೆರೆದು, ತೂತುಗಳು ಪ್ಯಾಡಿನ ನಡುವೆಯೇ ಇವೆಯಾ, ಕನ್ನಡ ಅಕ್ಷರ ಮುರಿದಿಲ್ಲವಾ ಎಂದು ನೋಡಿ, ಜಿಪ್ ಮಾಡಿ. ಆರ್ಡರ್ ಮಾಡುವಾಗ ಎರಡು ಲೇಯರ್, 1.6 ಮಿ.ಮೀ. ದಪ್ಪ, ಎಫ್‌ಆರ್-4, ಒಂದು ಔನ್ಸ್ ತಾಮ್ರ ಎಂದು ಆರಿಸಿ. ಬೆಂಗಳೂರಿನಲ್ಲೂ ಗುಜರಾತಿನಲ್ಲೂ ಆನ್‌ಲೈನ್ ಆರ್ಡರ್ ತೆಗೆದುಕೊಳ್ಳುವವರಿದ್ದಾರೆ. ಚೀನಾದಿಂದ ತರಿಸಿದರೆ ಬೋರ್ಡ್ ಅಗ್ಗ ಕಾಣುತ್ತದೆ, ಕೊರಿಯರ್ ಮತ್ತು ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕಿ.

ಮನೆಯಲ್ಲೇ ಫೆರಿಕ್ ಕ್ಲೋರೈಡ್‌ನಲ್ಲಿ ಕೊರೆಯಬಹುದು. ಹಾಗೆ ಮಾಡುವವರು ಟ್ರ್ಯಾಕ್‌ಗಳನ್ನೆಲ್ಲ ಹಿಂಬದಿಗೆ ತಂದು, 1 ಮಿ.ಮೀ. ಅಗಲ ಮಾಡಿ, ಟೋನರ್ ಇಸ್ತ್ರಿ ಮಾಡಲು ಹಿಂಬದಿಯ ಲೇಯರನ್ನು ಕನ್ನಡಿ ತಿರುಗಿಸದೆ ಪ್ರಿಂಟ್ ತೆಗೆಯಬೇಕು. ಉಳಿದ ದ್ರಾವಣವನ್ನು ಅಂಗಳದಲ್ಲೋ ಚರಂಡಿಯಲ್ಲೋ ಚೆಲ್ಲಬೇಡಿ. ಅದರಲ್ಲಿ ತಾಮ್ರ ಕರಗಿರುತ್ತದೆ, ನಮ್ಮ ಕಡೆ ಹತ್ತು ಹೆಜ್ಜೆಗೆ ಒಂದು ಬಾವಿ. ಪ್ಲಾಸ್ಟಿಕ್ ಬಾಟಲಿಯಲ್ಲಿಟ್ಟು ಮತ್ತೆ ಬಳಸಿ. ನನ್ನನ್ನು ಕೇಳಿದರೆ ಆರ್ಡರ್ ಮಾಡುವುದೇ ಮೇಲು. ಮನೆಯಲ್ಲಿ ಕೊರೆದ ಬೆತ್ತಲೆ ತಾಮ್ರ ನಮ್ಮ ಉಪ್ಪು ಗಾಳಿಗೆ ಬೇಗ ಕಪ್ಪಾಗುತ್ತದೆ.

ಹಂತ 7: ಬೆಸುಗೆ ಮತ್ತು ಮಳೆಗಾಲ

ಕುಳ್ಳಗಿರುವುದು ಮೊದಲು, ಎತ್ತರದ್ದು ಕೊನೆಗೆ: ರೆಸಿಸ್ಟರ್, ಡಯೋಡ್, ಸಾಕೆಟ್, ಸೆರಾಮಿಕ್ ಕೆಪಾಸಿಟರ್, ಎಲ್‌ಇಡಿ, ಎಲೆಕ್ಟ್ರೊಲಿಟಿಕ್, ಟರ್ಮಿನಲ್, ಬಜರ್. 25 ವ್ಯಾಟ್ ಸೋಲ್ಡರಿಂಗ್ ಐರನ್, ಒಳಗೆ ಫ್ಲಕ್ಸ್ ಇರುವ 60/40 ಸೋಲ್ಡರ್ ಸಾಕು. ಕೀಕ್ಯಾಡ್‌ನಲ್ಲಿ ಡಯೋಡ್, ಎಲ್‌ಇಡಿ ಎರಡರದ್ದೂ ಚೌಕ ಪ್ಯಾಡ್ ಅಂದರೆ ಕ್ಯಾಥೋಡ್. ಡಯೋಡಿನ ಬಿಳಿ ಪಟ್ಟಿ, ಎಲ್‌ಇಡಿಯ ಗಿಡ್ಡ ಕಾಲು ಆ ಕಡೆ.

555 ಇನ್ನೂ ಸಾಕೆಟ್‌ಗೆ ಹಾಕಬೇಡಿ. ಮಲ್ಟಿಮೀಟರಿನಲ್ಲಿ ವಿಸಿಸಿ ಮತ್ತು ಗ್ರೌಂಡ್ ಶಾರ್ಟ್ ಆಗಿಲ್ಲ ಎಂದು ನೋಡಿ. ಫ್ಲೋಟ್ ಟರ್ಮಿನಲ್‌ಗೆ ಒಂದು ತುಂಡು ತಂತಿ ಕಟ್ಟಿ ಅಡಾಪ್ಟರ್ ಹಾಕಿ. ಸಾಕೆಟ್‌ನ 8ನೇ ಕಾಲಿನಲ್ಲಿ ಸುಮಾರು 11.3 ವೋಲ್ಟ್ ಬರಬೇಕು, ಉಳಿದ 0.7 ಡಯೋಡ್ ತಿನ್ನುತ್ತದೆ. ಬಂದರೆ ಅಡಾಪ್ಟರ್ ತೆಗೆದು, 555 ಕೂರಿಸಿ, ಮತ್ತೆ ಹಾಕಿ. ಕೂಗಬೇಕು.

ಇನ್ನು ಕರಾವಳಿಯ ಕೆಲಸ. ಜೂನ್ ಬಂದರೆ ಗೋಡೆಯೇ ಬೆವರುತ್ತದೆ, ಬೋರ್ಡ್ ಯಾವ ಲೆಕ್ಕ! ಬೆಸುಗೆಯ ಫ್ಲಕ್ಸ್ ಉಳಿದರೆ ತೇವ ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಪೂರ್ತಿ ಒಣಗಿಸಿ. ಆಮೇಲೆ ಬಜರಿನ ತೂತು, ಟರ್ಮಿನಲ್, ಸಾಕೆಟ್ ಮೂರಕ್ಕೂ ಟೇಪ್ ಹಾಕಿ ಆಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗ್ ಸ್ಪ್ರೇ ಎರಡು ಪದರ ಹೊಡೆಯಿರಿ. ಈ ಕೆಲಸ ಮಳೆ ಇಲ್ಲದ ದಿನ ಮಾಡಿ, ತೇವದ ಮೇಲೆ ಹೊಡೆದರೆ ತೇವವನ್ನೇ ಒಳಗೆ ಮುಚ್ಚಿದ ಹಾಗೆ.

ಟ್ಯಾಂಕಿನಿಂದ ಬರುವ ಉದ್ದ ತಂತಿ ಸಿಡಿಲಿನ ಹೊತ್ತಿಗೆ ವೋಲ್ಟೇಜ್ ಹೊತ್ತು ತರಬಹುದು. ಮಳೆಗಾಲದ ಮೊದಲು, ಆಮೇಲೆ ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ಜೋರಿರುವಾಗ ಅಡಾಪ್ಟರ್ ಮತ್ತು ಆ ತಂತಿ ಎರಡನ್ನೂ ಬಿಚ್ಚಿಡಿ. ಗುಡುಗು ಶುರುವಾದ ಮೇಲೆ ತಂತಿ ಮುಟ್ಟಬೇಡಿ. ಎರಡನೇ ಆವೃತ್ತಿ ಮಾಡುವಾಗ ಡಯೋಡ್ ದಾಟಿದ ಜಾಗದಿಂದ ಗ್ರೌಂಡಿಗೆ ಪಿ6ಕೆಇ18ಎ ಎಂಬ ಟಿವಿಎಸ್ ಡಯೋಡಿಗೆ ಜಾಗ ಬಿಡಿ. ಹತ್ತಿರ ಬಿದ್ದ ಸಿಡಿಲನ್ನು ಅದು ತಡೆಯುವುದಿಲ್ಲ, ಸಣ್ಣಪುಟ್ಟ ಹೊಡೆತವನ್ನು ನುಂಗುತ್ತದೆ.

ಪೆಟ್ಟಿಗೆಯನ್ನು ಮನೆಯೊಳಗೆ, ಪಂಪ್ ಸ್ವಿಚ್ ಹತ್ತಿರ ಇಡಿ. ತಂತಿ ಕೆಳಗಿನಿಂದ ಪೆಟ್ಟಿಗೆಗೆ ಹೋಗಲಿ. ಹೋಗುವ ಮೊದಲು ಒಂದು ಬಳುಕು ಕೊಟ್ಟು ಕೆಳಗೆ ಇಳಿಬಿಡಿ, ತಂತಿಯ ಮೇಲೆ ಹರಿದು ಬರುವ ನೀರು ಆ ಬಳುಕಿನಿಂದಲೇ ತೊಟ್ಟಿಕ್ಕುತ್ತದೆ. ತಂತಿ ಹೋಗುವ ತೂತಿನ ಸಂದಿಯನ್ನು ಮುಚ್ಚಿ. ಬೆಚ್ಚಗಿನ ಜಾಗ ಎಂದರೆ ಇರುವೆಗಳಿಗೆ ಬಹಳ ಇಷ್ಟ.

ಕೊನೆಗೆ ಟ್ಯಾಂಕ್ ಮುಚ್ಚಳ ತೆಗೆದು ಫ್ಲೋಟನ್ನು ಕೈಯಲ್ಲಿ ಎತ್ತಿ ಹಿಡಿಯಿರಿ, ಕೆಳಗೆ ಯಾರಾದರೂ ಕಿವಿಗೊಟ್ಟಿರಲಿ. ಎತ್ತಿದಾಗ ಸುಮ್ಮನಿದ್ದು ಬಿಟ್ಟಾಗ ಕೂಗಿದರೆ ಬೋರ್ಡ್ ಬಿಚ್ಚಲು ಹೋಗಬೇಡಿ. ಸಣ್ಣ ರೀಡ್ ಫ್ಲೋಟ್‌ಗಳಲ್ಲಿ ಕಡ್ಡಿಯ ತುದಿಯ ಕ್ಲಿಪ್ ತೆಗೆದು ತೇಲುವ ಉಂಡೆಯನ್ನು ತಲೆಕೆಳಗಾಗಿ ಹಾಕಿದರೆ ಸ್ವಿಚ್ ಉಲ್ಟಾ ಆಗುತ್ತದೆ.